ಏಳನೇ ಕಾಟಿನ ಶರಣಮ್ಮ

ಎಂಟು ತಿಂಗಳು ನನ್ನ ಬೆನ್ನುನೋವನ್ನು ನಾನು ರೈಲಿನ ತಲೆಗೆ ಕಟ್ಟಿದ್ದೆ. ವಾಡಿಯಿಂದ ನಾಲವಾರಕ್ಕೆ ದಿನಾ ನಿಂತುಕೊಂಡೇ ಹೋಗುವುದು, ಅಲ್ಲಿಂದ ಆಟೋದಲ್ಲಿ ಶಾಲೆ, ಸಂಜೆ ಮತ್ತೆ ಅದೇ ದಾರಿ. ಬೆನ್ನು ನೋಯದೆ ಇನ್ನೇನಾದೀತು ಎಂದುಕೊಂಡೆ. ಅತ್ತೆ ಬಿಸಿ ಉಪ್ಪಿನ ಗಂಟು ಇಟ್ಟರು. ಚಿತ್ತಾಪುರದಲ್ಲಿ ಒಬ್ಬರು ಬೆನ್ನು ತಿಕ್ಕಿ ನರ ಹಿಡಿದಿದೆ ಎಂದರು. ಸಂಜೆ ಹೊತ್ತು ಸಣ್ಣ ಜ್ವರ ಬರುತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಕುಪ್ಪಸ ಸಡಿಲಾದಾಗ ತೂಕ ಇಳಿಯುತ್ತಿದೆ ಎಂದು ಖುಷಿಯನ್ನೇ ಪಟ್ಟೆ.

ಒಂದು ದಿನ ಕರಿಹಲಗೆಯ ಮೇಲ್ತುದಿಯಲ್ಲಿ ತಾರೀಖು ಬರೆಯಲು ಕೈ ಎತ್ತಿದೆ. ಎತ್ತಿದ ಕೈ ಇಳಿಸಲು ಆಗಲಿಲ್ಲ. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಎರಡೂ ಕಡೆ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಸ್ಕ್ಯಾನು, ರಕ್ತ ಪರೀಕ್ಷೆ, ಬೆನ್ನಿನೊಳಗಿಂದ ಸೂಜಿಯಲ್ಲಿ ತೆಗೆದ ಕೀವಿನ ಪರೀಕ್ಷೆ.

ನಾನಿದ್ದ ದವಾಖಾನೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಆದದ್ದು ಎಲ್ಲಿ ಬೇಕಾದರೂ ಆಗಬಹುದಾಗಿತ್ತು, ಮತ್ತು ಅದರಲ್ಲಿ ನನ್ನ ಪಾಲೂ ಇದೆ.

ರಿಪೋರ್ಟಿಗಾಗಿ ಕಾಯುತ್ತ ಕೂತ ಕೋಣೆಯ ನೆಲಕ್ಕೆ ನಮ್ಮ ಶಹಾಬಾದಿನ ಪರ್ಸಿ ಕಲ್ಲು ಹಾಸಿದ್ದರು. ನನ್ನ ಅಪ್ಪ ಅದೇ ಕಲ್ಲಿನ ಗಣಿಯಲ್ಲಿ ಇಡೀ ಆಯುಷ್ಯ ಕಳೆದ, ಅವ್ವ ಅದನ್ನೇ ಬುಟ್ಟಿಯಲ್ಲಿ ಹೊತ್ತಳು. ಆ ದುಡಿಮೆಯಲ್ಲಿ ನಾನು ಬಿ.ಎ., ಬಿ.ಎಡ್. ಮಾಡಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಮೊದಲು ಕಂಡವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ಸಂಕೋಚವಾಗಿಲ್ಲ. ಅವ್ವ ಕುಳಿತಲ್ಲೇ ಅಂಗಾಲಿನಿಂದ ಕಲ್ಲನ್ನು ಸವರಿ ನೋಡಿ, "ಮ್ಯಾಲಿನ ಪದರಿನ ಕಲ್ಲದ ಇದು. ನೀರು ಬಿದ್ರ ಜಾರ್ತದ," ಅಂದಳು.

ಡಾಕ್ಟರು ನಮ್ಮ ಕಡೆಯವರೇ. ಮುಚ್ಚಿಡದೆ ಹೇಳಿದರು.

"ಟೀಚರ್, ನಿಮ್ಮ ಬೆನ್ನುಮೂಳಿಗಿ ಟಿ.ಬಿ. ಆಗ್ಯದ. ಗುಳಿಗಿ ತಗೊಂಡ್ರ ಹೋಗ್ತದ, ಆಪರೇಷನ್ ಬ್ಯಾಡ. ಆದ್ರ ಎರಡು ಮಣಿ ಭಾಳ ಮೆತ್ತಗಾಗ್ಯಾವ. ಈಗ ನೀವು ಬಿದ್ರಿ ಅಂದ್ರ ಮಣಿ ಕುಸಿದು ನರ ಒತ್ತತದ. ಆಮ್ಯಾಲ ಕಾಲಿನ ಮಾತು ನಾ ಹೇಳಾಕ ಆಗಂಗಿಲ್ಲ."

"ಬಿದ್ರ ಅಂದ್ರ ಹೆಂಗ್ರಿ?" ಅವ್ವ ಕೇಳಿದಳು. "ಗಣ್ಯಾಗ ಬಿದ್ದಂಗೇನು?"

"ಅಷ್ಟು ಬ್ಯಾಡ ಅವ್ವಾರ. ಬಚ್ಚಲದಾಗ ಜಾರಿದ್ರೂ ಸಾಕು."

ಹೊರಗೆ ಬರುವಾಗ ಅವ್ವ ನನ್ನ ತೋಳು ಹಿಡಿದಳು.

ಟಿ.ಬಿ. ಎಂಬ ಎರಡಕ್ಷರ ಮನೆಯವರನ್ನು ಏನೆಲ್ಲ ಮಾಡುತ್ತದೆ ಎಂಬುದು ಆ ವಾರ ಗೊತ್ತಾಯಿತು. ಮೂಳೆಯದು ಉಸಿರಿನಿಂದ ಅಂಟುವಂಥದಲ್ಲ ಎಂದು ಡಾಕ್ಟರು ಹೇಳಿದ್ದರೂ ಅತ್ತೆ ನನ್ನ ತಾಟು, ಲೋಟ ಬೇರೆ ಇಟ್ಟರು. ಯಜಮಾನರು, ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸದವರು, ಆ ಬೇರೆ ತಾಟಿನಲ್ಲೇ ಉಂಡು ಎದ್ದರು. ಮರುದಿನದಿಂದ ಎಲ್ಲ ತಾಟೂ ಒಂದೇ ಬುಟ್ಟಿಯಲ್ಲಿ ಇದ್ದವು. ಸೇಡಂನಿಂದ ನಾದಿನಿ ಫೋನು ಮಾಡಿದಳು.

"ವೈನಿ, ಟಿ.ಬಿ. ಅಂತ ಯಾರ ಮುಂದೂ ಅನಬ್ಯಾಡ್ರಿ. ಬೆನ್ನಾಗ ವಾಯು ಸೇರ್ಯದ ಅನ್ರಿ."

"ವಾಯುಕ್ಕ ಒಂದು ವರ್ಷ ಗುಳಿಗಿ ಯಾರು ಕೊಡ್ತಾರ?"

"ಹಂಗಾದ್ರ ದೊಡ್ಡ ವಾಯು ಅನ್ರಿ."

ಕೀವು ತೆಗೆಯಲು ಮತ್ತು ಮೂರು ವಾರ ಅಲುಗಾಡದೆ ಮಲಗಿಸಲು ನನ್ನನ್ನು ಹೆಣ್ಣುಮಕ್ಕಳ ಮೂಳೆ ವಾರ್ಡಿಗೆ ಹಾಕಿದರು. ಏಳನೇ ನಂಬರಿನ ಮಂಚ, ಅಲ್ಲಿಯವರ ಮಾತಿನಲ್ಲಿ ಏಳನೇ ಕಾಟು. ಜತೆಗೆ ಅವ್ವ. ಕಾಟಿನ ತಲೆಯ ಹತ್ತಿರ ಒತ್ತುವ ಗಂಟೆ ಇತ್ತು. ಬೆನ್ನಿಗೆ ಗಟ್ಟಿ ಬೆಲ್ಟು ಕಟ್ಟಿಕೊಂಡು, ಒಬ್ಬರು ಹಿಡಿದುಕೊಂಡಾಗ ಮಾತ್ರ ಶೌಚಕ್ಕೆ ಹೋಗಬೇಕು. ಇಲ್ಲದಿದ್ದರೆ ಮಲಗಿದಲ್ಲೇ ಪಾತ್ರೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲವೆಂದರೆ ಬೆನ್ನಿಗೆ ಹುಣ್ಣಾಗುತ್ತದೆ. ಮೊದಲ ದಿನ ಮೂತ್ರ ಕೆಂಪಗೆ ಹೋದಾಗ ನಾನು ಸತ್ತೆ ಎಂದೇ ತಿಳಿದಿದ್ದೆ. ಅದು ಟಿ.ಬಿ. ಗುಳಿಗೆಯ ಬಣ್ಣ ಎಂದು ಸಿಸ್ಟರ್ ಹೇಳುವವರೆಗೆ ಅರ್ಧ ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಕೇಳಿದ್ದರೆ ಅರ್ಧ ನಿಮಿಷದ ಮಾತು. ಕೇಳಲಿಲ್ಲ.

ಇದು ನನಗೇ ವಿಚಿತ್ರ ಅನಿಸುತ್ತದೆ. ಊರಿನಲ್ಲಿ ಹತ್ತು ಮನೆಯ ಅರ್ಜಿ ಬರೆದುಕೊಟ್ಟವಳು ನಾನು. ತಹಸೀಲ್ ಕಚೇರಿಯಲ್ಲಿ ನಿಂತು ಜಗಳ ಆಡಿದವಳು. ತಿಳಿಯದಿದ್ದರೆ ಕೈ ಎತ್ತಿ ಕೇಳಿ ಎಂದು ಮಕ್ಕಳಿಗೆ ದಿನಾ ಹೇಳುವವಳು. ದವಾಖಾನೆಯ ಹಸಿರು ಅಂಗಿ ತೊಟ್ಟು ಮಲಗಿದ ಕೂಡಲೇ ನನ್ನ ಡಿಗ್ರಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಿಳಿ ಕೋಟು ಬಂದರೆ, ಗಣಿ ಮಾಲೀಕನ ಮುಂದೆ ಅಪ್ಪ ನಿಲ್ಲುತ್ತಿದ್ದ ಹಾಗೆ ನಾನೂ ಮಲಗಿದಲ್ಲೇ ಮುದುಡಿಕೊಳ್ಳುತ್ತಿದ್ದೆ.

ಎಂಟನೇ ಕಾಟಿನಲ್ಲಿ ಚಿಂಚೋಳಿ ತಾಲ್ಲೂಕಿನ ಐನಾಪುರದ ಒಬ್ಬ ಮುದುಕಿ ಇದ್ದರು. ತೊಗರಿ ಹೊಲದಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿತ್ತು, ಜತೆಗೆ ಬಿ.ಪಿ. ಇತ್ತು. ಅವರ ಹೆಸರೂ ಶರಣಮ್ಮ, ನನ್ನ ಹೆಸರೂ ಶರಣಮ್ಮ. ನಾನು ಅವರನ್ನು ಆಯಿ ಎನ್ನುತ್ತಿದ್ದೆ, ಅವರು ನನ್ನನ್ನು ಹೆಸರಿನಾಕಿ ಎನ್ನುತ್ತಿದ್ದರು.

"ನಮ್ಮ ಕಡಿ ಶರಣಮ್ಮಗೋಳಿಗೇನು ಬರಾ ಇಲ್ಲ ಬಿಡು," ಅನ್ನುತ್ತಿದ್ದರು. "ಓಣ್ಯಾಗ ನಿಂತು ಒಂದು ಸಲ ಕರದ್ರ ನಾಲ್ಕು ಮಂದಿ ಬರ್ತಾರ."

ವಾರ್ಡಿನವರಿಗೂ ಇದು ಗೊತ್ತಿತ್ತು. ಅದಕ್ಕೇ ಗುಳಿಗೆ ಕೊಡುವ ಮೊದಲು ಹೆಸರು ಕೇಳಿ, ಆಮೇಲೆ ಗಂಡನ ಹೆಸರು ಕೇಳಿ, ಚೀಟಿಗೆ ಹೋಲಿಸಿ ನೋಡಬೇಕು ಎಂದು ನಿಯಮ ಮಾಡಿದ್ದರು. ನಿಯಮ ಮಾಡಿದವರು ನಮ್ಮ ಭಾಗದವರು ಇರಲಿಕ್ಕಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಮದುವೆ, ಸೀಮಂತದಲ್ಲಿ ಎಲ್ಲರೂ ಬಲವಂತ ಮಾಡಿದಾಗ ಒಡಪು ಕಟ್ಟಿ, ಪದ್ಯದ ನಡುವೆ ಅವನ ಹೆಸರನ್ನು ಅಡಗಿಸಿ ಹೇಳುವುದುಂಟು. ಅಷ್ಟೇ. ನಾನು ನಂಬಿಕೆಯನ್ನು ನಂಬುವವಳಲ್ಲ, ಆದರೂ ಮದುವೆಯಾದ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಅವರ ಹೆಸರು ಮಲ್ಲಿಕಾರ್ಜುನ. ನೋಡಿ, ಬರೆಯಲು ಏನೂ ತೊಂದರೆಯಿಲ್ಲ.

ಹೀಗಾಗಿ ವಾರ್ಡಿನಲ್ಲಿ ಒಂದು ರೂಢಿ ಬಿದ್ದಿತ್ತು. ಸಿಸ್ಟರ್ ಕೇಳುವುದು, ನಾವು ನಗುವುದು, ಅವರೂ ನಕ್ಕು ಗುಳಿಗೆ ಕೊಡುವುದು.

ಎಂಟನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಗುಳಿಗೆ ತಂದವರು ರುಬೀನಾ ಸಿಸ್ಟರ್. ಶಹಾಬಾದಿನವರು, ಚುರುಕು ಹುಡುಗಿ. ಬೇರೆ ವಾರ್ಡಿನಿಂದ ಅಂದೇ ನಮ್ಮ ಕಡೆ ಬಂದಿದ್ದರು. ಅವ್ವ ಬಟ್ಟೆ ಒಗೆಯಲು ಹೋಗಿದ್ದಳು.

"ಶರಣಮ್ಮ ಯಾರ್ರಿ?"

"ನಾನ," ಅಂದೆ. ಅದು ಸುಳ್ಳಲ್ಲವಲ್ಲ.

"ಗಂಡನ ಹೆಸರು?"

"ಚೀಟಿ ಮ್ಯಾಲ ಬರದದಲ್ಲ ಸಿಸ್ಟರ್."

ಎಂಟನೇ ಕಾಟಿನಿಂದ ಆಯಿ ಬಾಯಿ ಹಾಕಿದರು. "ಅಷ್ಟು ಓದಿದಾಕಿ ಬಾಯಾಗೇ ಗಂಡನ ಹೆಸರು ಬರವಲ್ದು, ಇನ್ನ ನನ್ನ ಬಾಯಾಗ ಬರ್ತದೇನು? ಬೇಕಂದ್ರ ಒಡಪು ಹಾಕ್ತೀನಿ, ಕುಂದ್ರು."

"ಒಡಪು ಕೇಳಾಕ ಟೈಮಿಲ್ಲ ಆಯಿ, ಇನ್ನ ಇಪ್ಪತ್ತು ಮಂದಿ ಅದಾರ," ಎಂದು ರುಬೀನಾ ನಕ್ಕರು. ನಾವೆಲ್ಲ ನಕ್ಕೆವು. ನಗುತ್ತಲೇ ಸಣ್ಣ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ನನಗೆ ಮಧ್ಯಾಹ್ನ ಬರುತ್ತಿದ್ದುದು ಒಂದೇ ಒಂದು ಹಳದಿ ಗುಳಿಗೆ. ಡಬ್ಬಿಯಲ್ಲಿ ಎರಡು ಇದ್ದವು, ಎರಡೂ ಬಿಳಿ. ನಾನು ಅದನ್ನು ನೋಡಿದೆ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಅಂದು ಯಾರಿಗೂ ಹೇಳಲಿಲ್ಲ. ನೋಡಿದೆ, ಮುಂಜಾನೆ ಡಾಕ್ಟರು ಬದಲಿಸಿರಬೇಕು ಎಂದುಕೊಂಡೆ, ನುಂಗಿದೆ.

ಅರ್ಧ ತಾಸಿಗೆ ಮೂತ್ರಕ್ಕೆ ತಡೆಯಲಾರದಷ್ಟು ಅವಸರವಾಯಿತು. ಅವ್ವ ಇನ್ನೂ ಬಂದಿರಲಿಲ್ಲ. ಭೇಟಿಯ ಹೊತ್ತು, ವಾರ್ಡಿನ ತುಂಬ ಗಂಡಸರು. ಗಂಟೆ ಒತ್ತಿದರೆ ಪಾತ್ರೆ ತರುತ್ತಾರೆ, ಇಷ್ಟು ಮಂದಿಯ ನಡುವೆ ಪರದೆ ಎಳೆದರೂ ಎಲ್ಲರಿಗೂ ಗೊತ್ತಾಗುತ್ತದೆ. ಬೆಲ್ಟು ಕಟ್ಟಿಕೊಂಡೆ. ಹತ್ತು ಹೆಜ್ಜೆ, ಅದಕ್ಕೇನು ಎಂದು ಎದ್ದೆ.

"ಏ ಹೆಸರಿನಾಕಿ, ನಿಮ್ಮವ್ವ ಬರ್ಲಿ ತಡಿ," ಆಯಿ ಹಿಂದಿನಿಂದ ಅಂದರು.

ನಾಲ್ಕು ಹೆಜ್ಜೆ ಇಟ್ಟದ್ದು ನೆನಪಿದೆ. ಐದನೆಯದಕ್ಕೆ ಮಂದಿ, ಕಿಟಕಿ, ಬಾಗಿಲು ಎಲ್ಲ ದೂರ ಸರಿದವು. ಆಮೇಲೆ ನನ್ನ ಕೆನ್ನೆಯ ಕೆಳಗೆ ತಣ್ಣಗೆ ಪರ್ಸಿ ಇತ್ತು.

ಯಾರೂ ನನ್ನನ್ನು ಎತ್ತಬಾರದು ಎಂದು ರುಬೀನಾ ಮಂದಿಯ ನಡುವೆ ಅಡ್ಡ ನಿಂತು ಕೂಗುತ್ತಿದ್ದುದು ಕೇಳಿಸಿತು. ಹಲಗೆ ತಂದು, ನಾಲ್ಕು ಜನ ಸೇರಿ, ನನ್ನನ್ನು ಒಂದೇ ತುಂಡಿನ ಹಾಗೆ ಹೊರಳಿಸಿ ಎತ್ತಿದರು. ಬಿ.ಪಿ. ಪೂರಾ ಇಳಿದಿತ್ತು, ಸಲೈನ್ ಹಚ್ಚಿದರು. ಕಾಲುಗಳಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು. ಕಾಲು ಇವೆಯೋ ಇಲ್ಲವೋ ಎಂಬುದೇ ಸರಿಯಾಗಿ ತಿಳಿಯುತ್ತಿರಲಿಲ್ಲ.

ಸ್ಕ್ಯಾನಿನ ಕೋಣೆಯ ಮುಂದೆ ನನ್ನನ್ನು ಮಲಗಿಸಿ ಕಾಯಲು ಹೇಳಿದರು. ಒಳಗೆ ಬೇರೆಯವರು ಇದ್ದರು. ಒದ್ದೆ ಬಟ್ಟೆಯ ಬಕೆಟ್ಟು ಅಲ್ಲೇ ಬಿಟ್ಟು ಬಂದ ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಸ್ಟ್ರೆಚರಿನ ತುದಿಗೆ ಹೋಗಿ ನಿಂತಳು. ನನ್ನ ಕಾಲಿನ ಒಂದು ಬೆರಳು ಹಿಡಿದು, "ಇದು ಯಾವುದು?" ಅಂದಳು.

"ದೊಡ್ಡದು."

"ಇದು?"

"ಕಿರುಬೆರಳು."

"ಯಾವ ಕಾಲಿಂದು?"

"ಎಡಗಾಲಿಂದು."

ಹತ್ತೂ ಬೆರಳು ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಕಲ್ಲು ಹೊತ್ತು ಜಡ್ಡುಗಟ್ಟಿದ ಕೈ ಅದು, ಒರಟು. ಆ ಒರಟುತನ ನನಗೆ ತಿಳಿಯುತ್ತಿದೆ ಎಂಬುದೇ ಆ ಹೊತ್ತಿನ ಸಮಾಧಾನವಾಗಿತ್ತು. ಒಂದು ಸಲ ಬಲಗಾಲಿನ ನಡುವಿನ ಬೆರಳನ್ನು ತಪ್ಪು ಹೇಳಿದೆ. ಅವ್ವ ಮತ್ತೆ ಅದೇ ಬೆರಳು ಹಿಡಿದಳು, ಬಿಗಿಯಾಗಿ. ಈ ಸಲ ಸರಿ ಹೇಳಿದೆ.

ಸಂಜೆಯ ಹೊತ್ತಿಗೆ ಡಾಕ್ಟರು ಬಂದು, ಮಣಿಗಳು ಇದ್ದ ಹಾಗೇ ಇವೆ, ನರಕ್ಕೆ ಪೆಟ್ಟಾಗಿಲ್ಲ ಎಂದರು. ಅವ್ವ ನೆಲದ ಮೇಲೆ ಕೂತುಬಿಟ್ಟಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಯಾರೋ ಪರಿಚಯವಿಲ್ಲದ ಹೆಣ್ಣುಮಗಳು ತನ್ನ ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು.

ಬಿ.ಪಿ. ಏಕೆ ಇಳಿಯಿತು ಎಂಬುದು ಆಯಿಯ ಬಾಯಿಂದಲೇ ಹೊರಬಿತ್ತು. ಮರಳಿ ವಾರ್ಡಿಗೆ ತಂದಾಗ ಆಯಿ ರುಬೀನಾ ಅವರನ್ನು ಕೇಳುತ್ತಿದ್ದರು: "ನನ್ನ ಮಧ್ಯಾಹ್ನದ ಬಿಳಿ ಗುಳಿಗಿ ಎರಡೂ ಬಂದಿಲ್ಲಲ್ಲ ಬೇಟಿ. ಬರೇ ಹಳದಿ ಒಂದು ಕೊಟ್ಟೀದಿ."

ರುಬೀನಾ ಅವರ ಮುಖದಲ್ಲಿ ರಕ್ತ ಉಳಿಯಲಿಲ್ಲ. ಒಂದು ಬಿ.ಪಿ.ಯದು, ಇನ್ನೊಂದು ಮೂತ್ರ ಹೆಚ್ಚು ಮಾಡುವುದು. ಎರಡೂ ನನ್ನ ಹೊಟ್ಟೆಯಲ್ಲಿದ್ದವು. ಆ ಹುಡುಗಿ ಮುಚ್ಚಿಡಬಹುದಿತ್ತು. ಹಾಗೆ ಮಾಡದೆ ಅಲ್ಲಿಂದಲೇ ಡಾಕ್ಟರಿಗೆ ಫೋನು ಹಚ್ಚಿದರು. ಇದನ್ನೂ ನಾನು ಬರೆಯಲೇಬೇಕು.

ಯಜಮಾನರು ಡ್ಯೂಟಿ ಬಿಟ್ಟು ಬಂದರು. ಅಷ್ಟು ಸಿಟ್ಟಾದದ್ದು ನಾನು ನೋಡಿಲ್ಲ. "ಬರಿ. ಊರಿನ ಅರ್ಜಿ ಎಲ್ಲಾ ಬರೀತಿ, ನಿಂದು ನೀ ಬರಿ. ನಾ ಮುಂದ ಒಯ್ತೀನಿ," ಎಂದು ಕಾಗದ, ಪೆನ್ನು ತಂದು ಕೊಟ್ಟರು. ಮಲಗಿಕೊಂಡೇ ದವಾಖಾನೆಯ ಮೇಲೆ ದೂರು ಬರೆಯಲು ಹತ್ತಿದೆ. ಸರಾಗವಾಗಿ ಬಂತು. ಹೆಸರು ಸರಿಯಾಗಿ ಕೇಳಲಿಲ್ಲ ಎಂದು ಬರೆದೆ. ಬರೆದ ಮೇಲೆ ಕೈ ನಿಂತಿತು. ಕೇಳಿದ್ದರು. ಹೇಳದೆ ನಕ್ಕವಳು ನಾನು. ಗುಳಿಗೆ ನನ್ನದಲ್ಲ ಎಂದು ಕಣ್ಣಿಗೆ ಕಂಡಿತ್ತು. ಗಂಟೆ ಕೈಗೆ ಸಿಗುವಷ್ಟು ಹತ್ತಿರ ಇತ್ತು. ದೂರು ಅರ್ಧಕ್ಕೇ ಉಳಿಯಿತು.

ಮರುದಿನ ವಾರ್ಡಿನ ಹಿರಿಯ ಸಿಸ್ಟರ್ ಬಂದು ಸ್ಟೂಲು ಎಳೆದುಕೊಂಡು ಕೂತರು. "ಯಾರದು ತಪ್ಪು ಅಂತ ಕೇಳಾಕ ಬಂದಿಲ್ರಿ ಟೀಚರ್. ಹೆಂಗಾಯ್ತು ಅಂತ ಕೇಳಾಕ ಬಂದೀನಿ."

ಎಲ್ಲ ಹೇಳಿದೆ. ಬಿಳಿ ಗುಳಿಗೆ ನೋಡಿದ್ದನ್ನೂ ಹೇಳಿದೆ. ಯಜಮಾನರು ಅಲ್ಲೇ ನಿಂತಿದ್ದರು. ಅವರು ನನ್ನ ಮುಖ ನೋಡಿದರು. ಸಿಸ್ಟರ್ ಕೇಳಿದರು: "ನಿಮ್ಮಂಥವ್ರೇ ಹೇಳಲಿಲ್ಲ ಅಂದ್ರ, ಉಳಿದವ್ರ ಗತಿ ಏನ್ರಿ? ನಾವು ಹೆಂಗ ಕೇಳಿದ್ರ ಹೇಳ್ತೀರಿ?"

ದವಾಖಾನೆಯಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ನಾನು ಉತ್ತರ ಹುಡುಕುವಷ್ಟರಲ್ಲಿ ಆಯಿ ಹೇಳಿದರು:

"ಗಂಡನ ಹೆಸರು ಬಿಟ್ಟು ಊರ ಹೆಸರು ಕೇಳ್ರಿ. ಊರಿಗೇನು ಆಯುಷ್ಯ ಕಮ್ಮಿ ಆಗ್ತದೇನು? ನೂರು ಸಲ ಕೇಳ್ರಿ, ನೂರು ಸಲ ಹೇಳ್ತೀನಿ."

ಅಷ್ಟು ಸರಳ. ಅಂದಿನಿಂದ ಹೆಸರು, ಊರು, ಎರಡನ್ನೂ ರೋಗಿಯೇ ಬಾಯಿಬಿಟ್ಟು ಹೇಳಬೇಕಾಯಿತು. ಸಿಸ್ಟರ್ ತಾವೇ ಓದಿ ಹೌದೋ ಅಲ್ಲವೋ ಎಂದು ಕೇಳಬಾರದು. ಹಾಗೆ ಕೇಳಿದರೆ ನಮ್ಮವರು ಯಾವುದಕ್ಕಾದರೂ ಹೂಂ ಎನ್ನುತ್ತಾರೆ, ಅದು ಎಲ್ಲರಿಗೂ ಗೊತ್ತು. ಊರೂ ಹೆಸರೂ ಒಂದೇ ಆದರೆ ಅಪ್ಪನ ಹೆಸರು. ಕೊಟ್ಟ ಗುಳಿಗೆ ಯಾವುದು, ಏತಕ್ಕೆ ಎಂದು ಕೇಳಿಯೇ ನುಂಗಬೇಕು. ಒಂದು ದೊಡ್ಡ ಕಾಗದದ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಓದು ಬಾರದವರಿಗೆ ದಿನಾ ಒಂದು ಸಲ ನನ್ನ ಕಾಟಿನಿಂದಲೇ ಗಟ್ಟಿಯಾಗಿ ಹೇಳುತ್ತಿದ್ದೆ, ಶಾಲೆಯ ಧ್ವನಿಯಲ್ಲಿ. ಮೊದಲ ದಿನ ನನ್ನ ಪಕ್ಕಕ್ಕೆ ಬಂದು ನಿಂತವರು ರುಬೀನಾ. "ಶರಣಮ್ಮ, ವಾಡಿ," ಎಂದೆ. ಆ ಹುಡುಗಿಯ ಕಣ್ಣು ತುಂಬಿತ್ತು. "ಮಾಫ್ ಮಾಡ್ರಿ ಮೇಡಂ," ಅಂದರು. "ತಪ್ಪಿನಾಗ ನಿಮ್ಮ ಜೋಡಿ ನಾನೂ ಇದ್ದೆನಲ್ಲ," ಎಂದೆ.

ಎಲ್ಲರಿಗೂ ಇದು ಹಿಡಿಸಿತು ಎಂದರೆ ಸುಳ್ಳಾಗುತ್ತದೆ. ಬಿಳಿ ಕೋಟಿನ ಒಬ್ಬ ಹೊಸ ಡಾಕ್ಟರಿಗೆ ಅವ್ವ ಇಂಜೆಕ್ಷನ್ ಏತಕ್ಕೆ ಎಂದು ಕೇಳಿದಾಗ, "ಎಲ್ಲಾ ನಿಮಗೇ ತಿಳಿಯೂ ಹಂಗಿದ್ರ ಇಲ್ಲಿಗ್ಯಾಕ ಬಂದ್ರಿ?" ಎಂದುಬಿಟ್ಟರು.

"ತಿಳಿಯಂಗಿಲ್ಲಂತೇ ಬಂದೀವ್ರಿ," ಅವ್ವ ಅಂದಳು. "ನಾ ಹೆಬ್ಬೆಟ್ಟು. ನನಗ ತಿಳಿಯಂಗ ಹೇಳ್ರಿ, ಕುಂತು ಕೇಳ್ತೀನಿ."

ಅವರು ಹೇಳಿದರು. ಚುಟುಕಾಗಿ, ಆದರೆ ಹೇಳಿದರು.

ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ಅವ್ವ ನನಗಿಂತ ಚುರುಕಾದಳು. ಮುಂಜಾನೆ ಎಷ್ಟು ಗುಳಿಗೆ, ಯಾವ ಬಣ್ಣ ಎಂಬುದು ಅವಳಿಗೆ ಬಾಯಿಪಾಠ. ಎರಡು ತಾಸಾದ ಕೂಡಲೇ, ನಾನು ನಿದ್ದೆಯಲ್ಲಿದ್ದರೂ, ಮಗ್ಗಲು ಹೊರಳಿಸಲು ಸಿಸ್ಟರನ್ನು ಕರೆತರುತ್ತಿದ್ದಳು. ನೆಲ ಒರೆಸಿದ ಮೇಲೆ ಅದು ಆರುವವರೆಗೆ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ತಡೆಯುತ್ತಿದ್ದಳು. "ನಿಲ್ರಿ, ಈ ಕಲ್ಲಿನ ಗುಣ ನನಗ ಗೊತ್ತದ." ನಾನೂ ಗಂಟೆ ಒತ್ತಲು ಕಲಿತೆ. ಮೊದಲ ಎರಡು ದಿನ ನಾಚಿಕೆಯಾಯಿತು. ಮೂರನೆಯ ದಿನ ಇರಲಿಲ್ಲ.

ಮೂರು ವಾರದ ಮೇಲೆ ಬೆಲ್ಟಿನೊಂದಿಗೆ ಮನೆಗೆ ಬಂದೆ. ಗುಳಿಗೆ ಒಂದು ವರ್ಷ ನಡೆಯಿತು. ಬಾಯಿ ಕಹಿ, ಹೊಟ್ಟೆ ತೊಳಸು, ಮಳೆಗಾಲದಲ್ಲಿ ಬೆನ್ನು ಬಿಗಿತ. ಅದನ್ನೆಲ್ಲ ಉದ್ದ ಬರೆಯುವುದಿಲ್ಲ, ಅನುಭವಿಸಿದವರಿಗೆ ಗೊತ್ತು. ಅಷ್ಟೂ ದಿನ ಅವ್ವ ನಮ್ಮ ಮನೆಯಲ್ಲೇ ಉಳಿದಳು. ಬಚ್ಚಲಿಗೆ, ಅಂಗಳಕ್ಕೆ, ತಪಾಸಣೆಗೆ, ಎಲ್ಲಿ ಹೋದರೂ ಅವಳ ಬಲಗೈ ನನ್ನ ಎಡ ತೋಳಿನ ಮೇಲೆ. ಬೆಲ್ಟು ಸಡಿಲಿಸಬಹುದು ಎಂದು ಹೇಳಿದ ಮೇಲೂ ಅವಳ ಕೈ ಮಾತ್ರ ಸಡಿಲಾಗಲಿಲ್ಲ. ಬಿಡು ಎಂದರೆ ಕೇಳಿಸದವಳ ಹಾಗೆ ಇರುತ್ತಿದ್ದಳು.

ಕೊನೆಯ ತಪಾಸಣೆಯ ದಿನ ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ, ಮಣಿಗಳು ಗಟ್ಟಿಯಾಗಿವೆ, ಗುಳಿಗೆ ಸಾಕು ಎಂದರು. ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ರೈಲಿನಲ್ಲಿ ನಿಲ್ಲಬಹುದೇ, ಕೊಡ ಎತ್ತಬಹುದೇ, ಮತ್ತೆ ಬರಬಹುದೇ, ಬಂದರೆ ಮೊದಲು ಏನು ಗೊತ್ತಾಗುತ್ತದೆ. ಅವರು ಎಲ್ಲಕ್ಕೂ ಉತ್ತರ ಕೊಟ್ಟು ಪೆನ್ನು ಮುಚ್ಚಿದರು.

"ನಂದೂ ಒಂದದರಿ," ಅವ್ವ ಅಂದಳು.

"ಕೇಳ್ರಿ ಅವ್ವಾರ."

"ಈಗ ಈಕಿ ಬಿದ್ರ ಏನಾಗ್ತದ?"

ಡಾಕ್ಟರು ಅವಳ ಕಡೆ ತಿರುಗಿದರು. "ಏನಾಗಂಗಿಲ್ಲ. ನೀವು ನಾವು ಬಿದ್ದಂಗ ಬೀಳ್ತಾರ. ಮೊಳಕಾಲು ತರಚ್ತದ, ಎದ್ದು ಬರ್ತಾರ."

"ಖರೇನ್ರಿ?"

"ಖರೇನ ಅವ್ವಾರ."

ಹೊರಗೆ ಬಂದೆವು. ಮಧ್ಯಾಹ್ನದ ಬಸ್ಸಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಮೆಟ್ಟಿಲ ಹತ್ತಿರ ಬಂದಾಗ ಅವ್ವ ನನ್ನ ತೋಳು ಬಿಟ್ಟಳು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಹಿಂದೆ ತಿರುಗಿ ನೋಡದೆ, "ಜಲ್ದಿ ಬಾ, ಸೀಟು ಹಿಡೀತೀನಿ," ಎನ್ನುತ್ತ ಬಸ್ಸಿನ ಕಡೆ ನಡೆದುಬಿಟ್ಟಳು.